ಮುಂಗಡ ತೀರುವತನಕ

ಕಷ್ಟದ ಕೆಲಸ ಯಾವುದು ಎಂದು ಕೇಳಿದರೆ ನಮ್ಮ ಕಡೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೂಡ್ಲಿಗಿಯವರು ಸಂಡೂರಿನ ಅದಿರು ಲಾರಿ ಅನ್ನುತ್ತಾರೆ. ಗಣಿ ಜೋರಾಗಿದ್ದ ಕಾಲಕ್ಕೆ ಕ್ಲೀನರ್ ಆಗಿದ್ದ ನನ್ನ ಚಿಕ್ಕಪ್ಪನ ಮಗ ಉಗುಳಿದರೂ ಕೆಂಪೇ ಬರುತ್ತಿತ್ತು. ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ಹುಡುಗರನ್ನು ಕೇಳಿದರೆ ಬೆಂಗಳೂರಿನ ಕಟ್ಟಡಗಳಲ್ಲಿ ಸಾರುವೆ ಮೇಲೆ ನಿಂತು ಸಿಮೆಂಟು ಬಳಿಯುವುದು ಅನ್ನುತ್ತಾರೆ. ಹಡಗಲಿಯ ಹೆಣ್ಣುಮಕ್ಕಳಿಗೆ ಕೋಳಿ ಕೂಗುವ ಮೊದಲೇ ಬ್ಯಾಟರಿ ಹಿಡಿದು ಮಲ್ಲಿಗೆ ತೋಟಕ್ಕೆ ಇಳಿಯುವುದು ಕಷ್ಟ. ಮೊಗ್ಗಿಗೆ ಕೈ ಹಾಕುವಾಗ ಗಿಡದ ಬುಡದಲ್ಲಿ ಏನು ಮಲಗಿದೆಯೋ ಯಾರಿಗೆ ಗೊತ್ತು. ಹರಪನಹಳ್ಳಿಯ ತಾಂಡಾಗಳಲ್ಲಿ ಮಾತ್ರ ಎರಡೇ ಉತ್ತರ ಸಿಗುತ್ತವೆ. ಕಾಫಿ ಸೀಮೆಗೆ ಹೋದವರು ಜಿಗಣೆ, ಚಳಿ ಅನ್ನುತ್ತಾರೆ. ಮಂಡ್ಯ ಸೀಮೆಗೆ ಹೋದವರು ಕಬ್ಬು ಅನ್ನುತ್ತಾರೆ.

ನಾನು ಕಡಿದದ್ದು ಕಬ್ಬು. ಬೇರೆಯವರ ಕಷ್ಟ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ನನ್ನದನ್ನಷ್ಟೇ ಹೇಳುತ್ತೇನೆ.

ನಮ್ಮ ತಾಂಡಾ ಹರಪನಹಳ್ಳಿ ತಾಲ್ಲೂಕಿನದು. ಈ ತಾಲ್ಲೂಕು ಮೊದಲು ಬಳ್ಳಾರಿಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೂತಲ್ಲೇ ಕೂತು ಮೂರು ಜಿಲ್ಲೆ ಕಂಡವಳು ನಾನು. 2002ರಲ್ಲಿ ನಂಜುಂಡಪ್ಪ ಸಮಿತಿಯವರು ರಾಜ್ಯದಲ್ಲಿ 39 ತಾಲ್ಲೂಕು ಅತ್ಯಂತ ಹಿಂದುಳಿದವು ಎಂದು ಬರೆದಾಗ ಅದರಲ್ಲಿ ನಮ್ಮದೂ ಇತ್ತು. ಮಳೆ ನಂಬಿದ ಕೆಂಪು ಮಸಾರಿ ಹೊಲ. ಮೆಕ್ಕೆಜೋಳ ಕೈಗೆ ಹತ್ತಿದರೆ ದೀಪಾವಳಿ, ಹತ್ತದಿದ್ದರೆ ಗುಳೆ. ಹತ್ತಿದ ವರ್ಷವೂ ಗುಳೆ ತಪ್ಪುತ್ತಿರಲಿಲ್ಲ, ಯಾಕೆಂದರೆ ಮುಂಗಡ ಮೊದಲೇ ಖರ್ಚಾಗಿರುತ್ತಿತ್ತು.

ನಮ್ಮ ಮನೆಗೆ ಮುಂಗಡ ಹೊಕ್ಕಿದ್ದು ಬೋರಿನ ದಾರಿಯಿಂದ. ಇದ್ದ ಒಂದೂವರೆ ಎಕರೆಯಲ್ಲಿ ಬೋರ್ ಹಾಕಿಸಿದೆವು. ಧೂಳು ಬಂತು, ನೀರು ಬರಲಿಲ್ಲ. ಸಾಲ ಕೊಟ್ಟವರು ಬಾಗಿಲಿಗೆ ಬರತೊಡಗಿದರು. ಆಗ ಕಬ್ಬು ಕಡಿಯಲು ಆಳು ಒಯ್ಯುವ ಮೇಸ್ತ್ರಿ ಬಂದ. ಹೊರಗಿನವನಲ್ಲ, ನಮ್ಮವನೇ, ಲೆಕ್ಕ ಹಾಕಿದರೆ ನನ್ನ ಗಂಡನಿಗೆ ದೂರದ ಅಣ್ಣನಾಗಬೇಕು. ಜೋಡಿಗೆ 20 ಸಾವಿರ ಎಣಿಸಿಟ್ಟು ನೋಟುಬುಕ್ಕಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಸಹಿ ಹಾಕುತ್ತೇನೆ ಅಂದೆ. ‘ಜೋಡಿಗೆ ಒಂದ ಹೆಬ್ಬೆಟ್ಟು ಸಾಕವ್ವಾ’ ಅಂದ. ಕಬ್ಬಿನ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರಲ್ಲ, ಒಂದು ಜೋಡಿ. ಹೆಬ್ಬೆಟ್ಟು ಗಂಡನದು, ದುಡಿಮೆ ಇಬ್ಬರದು. ಆ ಪುಸ್ತಕ ಅವನ ಕಂಕುಳಲ್ಲೇ ಇರುತ್ತಿತ್ತು. ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ರಾತ್ರಿ ಲಾರಿ ಹತ್ತುತ್ತಿದ್ದೆವು. ಜೋಳದ ಹಿಟ್ಟು, ಒಣಮೆಣಸಿನಕಾಯಿ, ಪಾತ್ರೆ, ತಾಡಪತ್ರಿ, ನಾಲ್ಕು ಕೋಳಿ, ಎದೆಹಾಲಿನ ಕೂಸು, ಎಲ್ಲ ಒಂದೇ ಲಾರಿಯಲ್ಲಿ. ತಾಂಡಾದಲ್ಲಿ ಉಳಿಯುತ್ತಿದ್ದವರು ಮುದುಕರು ಮತ್ತು ಅವರ ಜೊತೆ ಬಿಟ್ಟ ಶಾಲೆ ಮಕ್ಕಳು. ಬೆಳಗಾಗುವ ಹೊತ್ತಿಗೆ ಮಂಡ್ಯ ಸೀಮೆ. ಎತ್ತ ನೋಡಿದರೂ ಹಸಿರು. ವಿಶ್ವೇಶ್ವರಯ್ಯ ನಾಲೆ (ವಿ.ಸಿ. ನಾಲೆ) ತುಂಬಿ ಹರಿಯುವುದನ್ನು ಮೊದಲ ಸಲ ಕಂಡಾಗ ನಮ್ಮತ್ತೆ ಲಾರಿಯಲ್ಲಿ ಕೂತೇ ಕೈಮುಗಿದಿದ್ದರು. ಅದೇ ನಾಲೆಯ ಏರಿ ಮೇಲೆ ಸೋಗೆ, ತಾಡಪತ್ರಿ ಹೊದಿಸಿ ಗುಡ್ಲು ಹಾಕಿದ ಮೇಲೆ ಆ ನೀರೇ ನಮಗೆ ಹೆದರಿಕೆಯಾಯಿತು. ತಡೆಗೋಡೆಯಿಲ್ಲದ ಆ ನಾಲೆಗೆ 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸೇ ಬಿದ್ದು 30 ಜನ ಸತ್ತರು. ನಡೆಯಲು ಕಲಿತ ಕೂಸಿಗೆ ಆ ಏರಿಯೇ ಅಂಗಳ. ನಾವು ಗದ್ದೆಗೆ ಹೋಗುವಾಗ ಕೂಸಿನ ಸೊಂಟಕ್ಕೆ ಹಳೆ ಸೀರೆ ಕಟ್ಟಿ ಅದರ ಇನ್ನೊಂದು ತುದಿಯನ್ನು ಗುಡ್ಲ ಗೂಟಕ್ಕೆ ಬಿಗಿಯುತ್ತಿದ್ದೆವು.

ಏಳಬೇಕು ಅಂದರೆ ಮೈ ಒಪ್ಪಿದರೂ ಕೈ ಒಪ್ಪುತ್ತಿರಲಿಲ್ಲ. ಹಿಂದಿನ ದಿನ ಮಚ್ಚು ಹಿಡಿದ ಹಾಗೆಯೇ ಬೆರಳುಗಳು ಮಡಚಿಕೊಂಡು ನಿಂತಿರುತ್ತಿದ್ದವು. ಬಿಸಿನೀರಿನ ಚೊಂಬನ್ನು ಎರಡು ಅಂಗೈ ನಡುವೆ ಹಿಡಿದು ಸ್ವಲ್ಪ ಹೊತ್ತು ಕೂತು, ಆಮೇಲೆ ಒಂದೊಂದೇ ಬೆರಳನ್ನು ಇನ್ನೊಂದು ಕೈಯಿಂದ ಬಿಡಿಸಬೇಕು. ಹೆಬ್ಬೆರಳು ಕೊನೆಗೆ ಬಿಡುತ್ತಿತ್ತು. ಅಷ್ಟಾದ ಮೇಲೆ ರೊಟ್ಟಿ ತಟ್ಟುವುದು. ರೊಟ್ಟಿ ತಟ್ಟುವ ಹೊತ್ತಿಗೆ ಗಂಡಸರು ಇನ್ನೂ ಕಂಬಳಿಯೊಳಗೆ ಇರುತ್ತಿದ್ದರು ಎಂದು ಬರೆದರೆ ನನ್ನ ಗಂಡ ಬೇಜಾರು ಮಾಡಿಕೊಳ್ಳುತ್ತಾನೆ, ಆದರೆ ಅದು ನಿಜ.

ಗದ್ದೆಗೆ ಇಳಿಯುವ ಮೊದಲು ರವಿಕೆ ಮೇಲೆ ಗಂಡನ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಮುಂಗೈಗೆ ಕಾಲುಚೀಲದ ಬೆರಳು ಕತ್ತರಿಸಿ ತೊಟ್ಟ ಕವಚ. ಎಷ್ಟು ಮುಚ್ಚಿಕೊಂಡರೂ ಕಬ್ಬಿನ ಗರಿ ಮುಖ, ಕುತ್ತಿಗೆ ಕೊಯ್ಯುತ್ತದೆ. ಗರಿಯ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳಿರುತ್ತವೆ. ಅವು ಚರ್ಮಕ್ಕೆ ಇಳಿದ ಮೇಲೆ ಬೆವರು ಬಿದ್ದರೆ ಆ ಉರಿ ಸ್ನಾನ ಮಾಡಿದರೂ ಹೋಗುವುದಿಲ್ಲ. ಕಬ್ಬನ್ನು ನೆಲಕ್ಕೆ ಹತ್ತಿಸಿ ಕಡಿಯಬೇಕು. ‘ಬುಡುಕ್ ಹತ್ಸಿ ಕಡೀರವ್ವ, ಬುಡದಲ್ಲೇ ಅಲ್ವ ಸಕ್ಕರೆ ಇರೋದು’ ಎಂದು ಗದ್ದೆ ಯಜಮಾನರು ಬದುವಿನ ಮೇಲೆ ನಿಂತು ಹೇಳುತ್ತಲೇ ಇರುತ್ತಿದ್ದರು. ಅವರು ಹೇಳುವುದು ತಪ್ಪಲ್ಲ. ಬುಡದಲ್ಲಿ ಸಿಹಿ ಹೆಚ್ಚು, ಮೋಟು ಎತ್ತರ ಬಿಟ್ಟರೆ ಕೂಳೆ ಕಬ್ಬು ಸರಿಯಾಗಿ ಚಿಗುರುವುದಿಲ್ಲ. ಆದರೆ ಅವರ ಕೂಳೆ ಚಿಗುರಬೇಕಾದರೆ ನಮ್ಮ ಸೊಂಟ ಇಡೀ ದಿನ ಬಗ್ಗಿರಬೇಕು. ಕಡಿಯುವವನು ಗಂಡ. ಗರಿ ಸವರಿ, ತುದಿ ಕತ್ತರಿಸಿ, ಹಸಿ ಸೋಗೆಯಿಂದಲೇ ಕಟ್ಟು ಕಟ್ಟಿ, ಹೊತ್ತು ದಾರಿಗೆ ಹಾಕುವವಳು ಹೆಂಡತಿ. ಒಂದೊಂದು ಕಟ್ಟು 30 ಕಿಲೋದ ಆಸುಪಾಸು. ಜೋಡಿ ಮೈಮುರಿದು ದುಡಿದರೆ ದಿನಕ್ಕೆ ಒಂದೂವರೆ ಟನ್ನು, ಕಬ್ಬು ನೆಟ್ಟಗೆ ನಿಂತಿದ್ದರೆ ಎರಡು. ಗಾಳಿಮಳೆಗೆ ಮಲಗಿದ ಕಬ್ಬಾದರೆ ಒಂದು ಟನ್ನಿಗೇ ಕತ್ತಲಾಗುತ್ತದೆ, ಕೂಲಿ ಮಾತ್ರ ಅಷ್ಟೇ.

ಕಬ್ಬಿನ ಗದ್ದೆಯಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಕೊಳಕುಮಂಡಲ ಒಣ ಗರಿಯ ಬಣ್ಣವೇ ಇರುತ್ತದೆ, ತುಳಿಯುವವರೆಗೂ ಕಾಣುವುದಿಲ್ಲ. ಸಾಲಿನ ನಡುವೆ ಚಿರತೆ ಮರಿಗಳು ಸಿಕ್ಕಿದ ಸುದ್ದಿ ಪೇಪರಿನಲ್ಲಿ ಪ್ರತಿವರ್ಷ ಬರುತ್ತದೆ. ನಮ್ಮ ಪಕ್ಕದ ಗ್ಯಾಂಗಿನವರಿಗೂ ಒಮ್ಮೆ ಸಿಕ್ಕವು. ಮರಿಗಳ ಫೋಟೊ ಪೇಪರಿನಲ್ಲಿ ಬಂತು. ಅವುಗಳ ತಾಯಿ ಎಲ್ಲೋ ಹತ್ತಿರದಲ್ಲೇ ಇದ್ದಾಗ ಅದೇ ಗದ್ದೆಯ ಉಳಿದ ಅರ್ಧವನ್ನು ಯಾರು ಕಡಿದರು ಅನ್ನುವುದು ಬರಲಿಲ್ಲ.

ಹೆಂಗಸರಿಗೆ ಹಾವು, ಚಿರತೆಗಿಂತ ದೊಡ್ಡ ಕಾಟ ಬೇರೆ ಇತ್ತು. ಕಕ್ಕಸು ಎಂಬುದಿರಲಿಲ್ಲ. ಹಗಲು ಕಬ್ಬಿನ ಮರೆ. ಆದರೆ ನಾವು ಕಡಿದ ಹಾಗೆಲ್ಲ ಮರೆಯೂ ದೂರ ಹೋಗುತ್ತಿತ್ತು. ಅದಕ್ಕೆ ನೀರು ಕುಡಿಯುವುದನ್ನೇ ಬಿಟ್ಟೆವು. ಮಧ್ಯಾಹ್ನದ ಬಿಸಿಲಲ್ಲಿ ನಾಲಿಗೆ ಅಂಗಳಕ್ಕೆ ಅಂಟಿದರೂ ಒಂದು ಗುಟುಕು ಅಷ್ಟೇ. ಸಂಜೆಗೆ ಉರಿಮೂತ್ರ. ಎಲ್ಲರಿಗೂ ಇತ್ತು, ಆದ್ದರಿಂದ ಯಾರೂ ಅದನ್ನು ರೋಗ ಅನ್ನುತ್ತಿರಲಿಲ್ಲ. ನಿಕರಾಗುವಾ, ಎಲ್ ಸಾಲ್ವಡಾರ್ ಎಂಬ ದೂರದ ದೇಶಗಳಲ್ಲಿ ಕಬ್ಬು ಕಡಿಯುವ ಎಳೆ ವಯಸ್ಸಿನ ಗಂಡಸರ ಕಿಡ್ನಿ ಕೆಟ್ಟು ಸಾವಿರಗಟ್ಟಲೆ ಜನ ಸತ್ತಿದ್ದಾರೆ, ಬಿಸಿಲು, ನೀರಿಲ್ಲದ ದುಡಿತ ಅದಕ್ಕೆ ಮುಖ್ಯ ಕಾರಣವೆಂದು ಡಾಕ್ಟರುಗಳು ಹೇಳುತ್ತಾರೆ ಎಂದು ನಾನು ಓದಿದ್ದು ತೀರಾ ಈಚೆಗೆ. ಮುಟ್ಟಿನ ದಿನಗಳ ಮಾತು ಬರೆಯಲು ಈಗಲೂ ಕೈ ಬರುವುದಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರನ್ನು 2019ರಲ್ಲಿ ಸರ್ಕಾರವೇ ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದು ತಿಳಿಯಿತು. ಯಾಕೆ ತೆಗೆಸಿಕೊಂಡರು ಎಂದು ಆಶ್ಚರ್ಯಪಟ್ಟವರು ಬಹಳ. ನಮ್ಮ ಗುಡ್ಲುಗಳಲ್ಲಿ ಯಾರೂ ಆಶ್ಚರ್ಯಪಡಲಿಲ್ಲ.

ಈಗ ಹಲಗೆಯ ಮಾತು.

ಕಡಿದ ಕಬ್ಬು ಒಣಗಲು ಬಿಡುವ ಹಾಗಿಲ್ಲ. ಹೊತ್ತು ಹೋದಂತೆ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಒಂದು ದಿನದೊಳಗೆ ಅರೆಯಬೇಕು. ಆದ್ದರಿಂದ ಲಾರಿ ಯಾವಾಗ ಬಂದರೆ ಆವಾಗ ತುಂಬಬೇಕು. ಅದು ಬರುತ್ತಿದ್ದದ್ದು ಹೆಚ್ಚಾಗಿ ರಾತ್ರಿ. ಲಾರಿಗೆ ಒಂದು ಹಲಗೆ ಒರಗಿಸುತ್ತಾರೆ. ಒಂದು ಮೊಳಕ್ಕಿಂತ ಕಡಿಮೆ ಅಗಲ, ಅಡ್ಡಕ್ಕೆ ರಿಪೀಸು ಪಟ್ಟಿ ಹೊಡೆದಿರುತ್ತದೆ, ಕೆಲವು ಪಟ್ಟಿ ಕಿತ್ತುಹೋಗಿರುತ್ತವೆ. ತಲೆ ಮೇಲೆ ಕಟ್ಟು ಇಟ್ಟುಕೊಂಡು ಕೈ ಎರಡನ್ನೂ ಅದಕ್ಕೆ ಕೊಟ್ಟು, ಕಾಲಿನಿಂದಲೇ ಪಟ್ಟಿ ಹುಡುಕುತ್ತ ಹತ್ತಬೇಕು. ಲೋಡು ಏರಿದಂತೆ ಹಲಗೆಯೂ ಕಡಿದಾಗುತ್ತ ಹೋಗುತ್ತದೆ. ಕೊನೆಯ ಸಾಲಿನ ಹೊತ್ತಿಗೆ ಏಣಿ ಹತ್ತಿದ ಹಾಗೆಯೇ. ಹಿಂದೆ ಇನ್ನೊಬ್ಬರು ಕಟ್ಟು ಹೊತ್ತು ನಿಂತಿರುವುದರಿಂದ ನಿಲ್ಲುವ ಹಾಗೂ ಇಲ್ಲ, ಇಳಿಯುವ ಹಾಗೂ ಇಲ್ಲ.

2014ರ ಜನವರಿ. ಮಂಜು ಬಿದ್ದಿತ್ತು, ಹಲಗೆ ಒದ್ದೆಯಾಗಿತ್ತು, ಎಲ್ಲರ ಕಾಲಿನ ಕೆಸರು ಅದರ ಮೇಲಿತ್ತು. ಟ್ರ್ಯಾಕ್ಟರಿನ ಹೆಡ್‌ಲೈಟ್ ಒಂದೇ ಬೆಳಕು. ಅದೂ ಮುಖಕ್ಕೆ ಹೊಡೆಯುತ್ತಿತ್ತು. ಲೋಡು ಮುಗಿಯುವುದಕ್ಕೆ ಬಂದಿತ್ತು. ಬಲಗಾಲಿಗೆ ಪಟ್ಟಿ ಸಿಗಲಿಲ್ಲ. ಕಾಲು ಜಾರಿದ್ದು ಗೊತ್ತು, ಕಟ್ಟು ಬಿಡಬೇಕು ಅಂತ ಅನ್ನಿಸಿದ್ದು ಗೊತ್ತು, ಹಿಂದೆ ನನ್ನ ಗಂಡ ಇದ್ದಾನೆ ಅಂತ ಬಿಡದೆ ಹಿಡಿದದ್ದೂ ಗೊತ್ತು. ಪಕ್ಕಕ್ಕೆ ಬಿದ್ದೆ. ಕಟ್ಟು ನನ್ನ ಮೇಲೆ ಬಿತ್ತು. ಎಡಗಾಲಿನ ಮೊಳಕಾಲ ಕೆಳಗೆ ಸದ್ದು ಕೇಳಿಸಿತು. ನೋವು ಅಲ್ಲ, ಮೊದಲು ಸದ್ದು. ಗದ್ದೆಯಲ್ಲಿ ಇಡೀ ದಿನ ಕೇಳುವ ಸದ್ದೇ ಅದು, ಕಬ್ಬು ಮುರಿದದ್ದು ಅಂದುಕೊಂಡೆ.

ಲೋಡು ಮುಗಿಯುವತನಕ ಬದುವಿನ ಮೇಲೆ ಸೋಗೆ ಹಾಸಿ ಮಲಗಿಸಿದರು. ಅದಕ್ಕಾಗಿ ಯಾರನ್ನೂ ಬೈಯುವುದಿಲ್ಲ. ಆಸ್ಪತ್ರೆಗೆ ಒಯ್ಯಲು ಲಾರಿ ಬಿಟ್ಟರೆ ಸರಿಯಾದ ಗಾಡಿ ಇರಲಿಲ್ಲ, ಲೋಡು ಮುಗಿಯದೆ ಲಾರಿ ಹೊರಡುವಂತಿರಲಿಲ್ಲ. ಪಕ್ಕದ ತೋಟದ ಮನೆಯ ಅಜ್ಜಿ ಲಾಟೀನು ಹಿಡಿದು ಬಂದು ಕಾಫಿ ಕುಡಿಸಿ, ‘ಅಳ್ಬೇಡ ಮಗ, ಮೂಳೆ ಕೂಡ್ಕತದೆ’ ಎಂದು ಹಣೆ ಒತ್ತಿದರು. ಅವರ ಹೆಸರು ಕೇಳಲಿಲ್ಲ. ನಸುಕಿಗೆ ಆಸ್ಪತ್ರೆ ಮುಟ್ಟಿಸಿದರು. ಫೋಟೊ ತೆಗೆದು, ಎರಡು ಎಲುಬೂ ಮುರಿದಿವೆ, ರಾಡ್ ಹಾಕಬೇಕು ಅಂದರು. ಖರ್ಚು ಕೇಳಿದ ಮೇಲೆ ಬರೀ ಸಿಮೆಂಟು ಪಟ್ಟಿ ಸಾಕು ಎಂದೆವು. ಊರಿಗೆ ಬಂದ ಮೇಲೆ ಅದನ್ನೂ ಒಡೆಸಿ ನಾಟಿ ವೈದ್ಯರಿಂದ ಕಟ್ಟು ಹಾಕಿಸಿದರು. ಎಲುಬು ಕೂಡಿತು, ನೆಟ್ಟಗೆ ಕೂಡಲಿಲ್ಲ. ಈಗಲೂ ಎಡಗಾಲು ಎಳೆದೇ ನಡೆಯುವುದು.

ಆದರೆ ನನಗೆ ಆದ ಪೆಟ್ಟು ಅಂತ ನಾನು ಲೆಕ್ಕಕ್ಕೆ ಹಿಡಿಯುವುದು ಕಾಲನ್ನಲ್ಲ.

ಜೋಡಿ ಮುರಿಯಿತಲ್ಲ. ಮುಂಗಡದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು. ವಾರವಾರ ಸಂತೆ ಖರ್ಚಿಗೆ ಕೊಟ್ಟದ್ದು, ಅಕ್ಕಿ, ಎಣ್ಣೆ, ಆಸ್ಪತ್ರೆಗೆ ಕೊಟ್ಟದ್ದು ಎಲ್ಲ ಅದೇ ಪುಸ್ತಕಕ್ಕೆ ಸೇರಿತ್ತು. ಮೇಸ್ತ್ರಿ ಗುಡ್ಲ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದ, ‘ಹಿಂಗಾದ್ರ ಲೆಕ್ಕ ಹೆಂಗ ತೀರತೈತವ್ವಾ?’ ಗದರಲಿಲ್ಲ. ಅವನೂ ಮೇಲಿನ ಕಂಟ್ರಾಕ್ಟರನಿಂದ ಲಕ್ಷಗಟ್ಟಲೆ ಎತ್ತಿ ನಮಗೆಲ್ಲ ಹಂಚಿದವನು. ಹಿಂದೊಂದು ವರ್ಷ ಒಂದು ಗ್ಯಾಂಗು ರಾತ್ರೋರಾತ್ರಿ ಓಡಿಹೋದಾಗ ಅವನು ತನ್ನ ಎತ್ತು ಮಾರಿ ಕಟ್ಟಿದ್ದನ್ನು ನಾವೇ ನೋಡಿದ್ದೆವು. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ಸಂಬಂಧಿಕ, ಅದರಲ್ಲೂ ಮೆತ್ತಗೆ ಮಾತಾಡುವವನು. ಜಗಳಕ್ಕೆ ಜಾಗವೇ ಇರಲಿಲ್ಲ.

ನನ್ನ ಮಗಳು ಆಗ ಏಳನೇ ಕ್ಲಾಸು. ತಾಂಡಾದಲ್ಲಿ ಅಜ್ಜಿಯ ಜೊತೆ ಇದ್ದು ಶಾಲೆಗೆ ಹೋಗುತ್ತಿದ್ದಳು. ಗಣಿತದಲ್ಲಿ ಚುರುಕು. ಅವಳನ್ನು ಕರೆಸಿದರು. ‘ಯಾಡೀ (ಅವ್ವಾ), ಪರೀಕ್ಷೆಗೆ ಮೊದಲು ಬಿಡ್ತಾರೇನು?’ ಎಂದು ಫೋನಿನಲ್ಲಿ ಕೇಳಿದಳು. ಬಿಡುತ್ತಾರೆ ಅಂದೆ. ಅವಳು ಬಂದು ನನ್ನ ಅಂಗಿ, ನನ್ನ ಕೈಗವಚ ತೊಟ್ಟುಕೊಂಡು ಅಪ್ಪನ ಹಿಂದೆ ಕಟ್ಟು ಕಟ್ಟತೊಡಗಿದಳು. ಪೂರ್ತಿ ಜೋಡಿ ಅಂತ ಲೆಕ್ಕಕ್ಕೆ ಹಿಡಿದರೂ ಅವಳ ಕೈಯಲ್ಲಿ ಅಷ್ಟು ಆಗುತ್ತಿರಲಿಲ್ಲ. ಆದ್ದರಿಂದ ಆ ಹಂಗಾಮಿಗೆ ಮುಂಗಡ ತೀರಲಿಲ್ಲ. ಬಾಕಿ ಮುಂದಿನ ವರ್ಷಕ್ಕೆ ಹೋಯಿತು, ಮುಂದಿನ ವರ್ಷ ಅವಳೇ ಹೋದಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬಹಳ ದಿನ ಇತ್ತಂತೆ. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಉಳಿಯಲು ಋತುಮಾನದ ವಸತಿ ಶಾಲೆ ಅಂತ ಸರ್ಕಾರ ಮಾಡುತ್ತದೆ. ಹೋದಲ್ಲಿ ಟೆಂಟ್ ಶಾಲೆ ಅಂತಲೂ ಇವೆ. ಆದರೆ ಆರು ವರ್ಷದ ಮಗುವಿಗೆ ಟೆಂಟ್ ಶಾಲೆ ಸಾಕು. ಹದಿಮೂರು ವರ್ಷದವಳು ಅರ್ಧ ಜೋಡಿಯಾದ ಮೇಲೆ ಯಾವ ಶಾಲೆಯೂ ಅವಳನ್ನು ಎಳೆದು ತರುವುದಿಲ್ಲ.

ಪರಿಹಾರಕ್ಕೆ ಓಡಾಡಿದ್ದೂ ಆಯಿತು. ಒಂದು ಕಚೇರಿಯಲ್ಲಿ, ‘ಬೇರೆ ರಾಜ್ಯಕ್ಕೆ ಹೋಗಿದ್ರಾ?’ ಎಂದು ಕೇಳಿದರು. ಇಲ್ಲ, ಮಂಡ್ಯ ಅಂದೆವು. ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಬಂದು ಆಗ ಜಾರಿಯಲ್ಲಿದ್ದ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರವಂತೆ. ಕೊಲ್ಲಾಪುರಕ್ಕೆ ಹೋಗಿ ಬಿದ್ದಿದ್ದರೆ ನಾನು ವಲಸೆಯವಳು, ಮಂಡ್ಯದಲ್ಲಿ ಬಿದ್ದದ್ದಕ್ಕೆ ಅಲ್ಲ. ಕಟ್ಟಡ ಕೆಲಸದವರಿಗೆ ಆಗ 1996ರ ಕಾಯ್ದೆ ಇತ್ತು, ಮಂಡಳಿ ಇದೆ, ಕಾರ್ಡು ಇದೆ. ಬೆಂಗಳೂರಿನ ಸಾರುವೆಯಿಂದ ಬಿದ್ದ ನಮ್ಮ ತಾಂಡಾದ ಹುಡುಗನಿಗೆ ತಡವಾಗಿಯಾದರೂ ಒಂದಿಷ್ಟು ಹಣ ಬಂತು. ಕಬ್ಬಿನ ಹಲಗೆಯನ್ನು ಯಾವ ಮಂಡಳಿಯೂ ಸಾರುವೆ ಎಂದು ಒಪ್ಪಲಿಲ್ಲ. ಬೆಳೆಗಾರನಿಗೆ ಕಬ್ಬಿನ ದರ ಇಷ್ಟು ಎಂದು ದೆಹಲಿಯಲ್ಲಿ ಪ್ರತಿವರ್ಷ ಘೋಷಿಸುತ್ತಾರೆ, ಅದು ಸಾಲದೆಂದು ಅವರು ರಸ್ತೆಗೆ ಇಳಿಯುತ್ತಾರೆ, ಇಳಿಯಲಿ, ಅವರ ಕಷ್ಟ ಅವರಿಗೆ. ಕಟಾವಿನ ಕೂಲಿ ಅವರ ಬಿಲ್ಲಿನಲ್ಲಿ ಒಂದು ವಜಾ ಅಷ್ಟೇ. ಆ ವಜಾದ ಸಾಲಿನಲ್ಲಿ ನಾವಿದ್ದೇವೆ.

ಹೊಸಪೇಟೆ ಕಡೆಯ ಒಬ್ಬ ವಕೀಲರು ಇನ್ನೊಂದು ಮಾತು ಹೇಳಿದರು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ, ಮುಂಗಡ ಕೊಟ್ಟು ಅದು ತೀರುವತನಕ ಬಿಡದೆ ದುಡಿಸಿಕೊಂಡರೆ ಅದು ಜೀತ. ಅರ್ಜಿ ಕೊಡಿ, ಬಿಡುಗಡೆ ಪತ್ರ ಸಿಗುತ್ತದೆ, ಸಾಲವೂ ರದ್ದಾಗುತ್ತದೆ ಅಂದರು. ತಾಂಡಾಕ್ಕೆ ಬಂದು ನಾಯಕನ ಮುಂದೆ ಹೇಳಿದೆವು. ಯಾರೂ ಒಪ್ಪಲಿಲ್ಲ. ಜೀತದಾಳು ಅನ್ನಿಸಿಕೊಳ್ಳಲು ಯಾರಿಗೆ ಮನಸ್ಸು? ಅದಕ್ಕಿಂತ ದೊಡ್ಡದು, ಮೇಸ್ತ್ರಿ ಮೇಲೆ ಕೇಸು ಹಾಕಿದರೆ ಮುಂದಿನ ವರ್ಷ ಮುಂಗಡ ಕೊಡುವವರು ಯಾರು? ನನ್ನ ಗಂಡ ಆ ರಾತ್ರಿ ಉಣ್ಣಲಿಲ್ಲ. ಅರ್ಜಿ ಬರೆದಿಟ್ಟದ್ದು ಟ್ರಂಕಿನಲ್ಲೇ ಉಳಿಯಿತು.

ಹಾವು, ಮಚ್ಚು, ಹಲಗೆ ಇವು ಯಾವ ಕೆಲಸದಲ್ಲೂ ಒಂದಲ್ಲ ಒಂದು ರೂಪದಲ್ಲಿ ಇರುತ್ತವೆ. ಮಂಜು ಬಿದ್ದ ರಾತ್ರಿ ‘ಇವತ್ತು ಹಲಗೆ ಹತ್ತಲ್ಲ’ ಎಂದು ಹೇಳಬಲ್ಲವನಿಗೆ ಅದೇ ಕೆಲಸ ಅರ್ಧ ಅಪಾಯದ್ದು. ನಮಗೆ ಹಾಗೆ ಹೇಳುವ ಬಾಯಿಯನ್ನು ದಸರೆಗೆ ಮುಂಚೆ ಮುಂಗಡ ಕೊಟ್ಟಾಗಲೇ ಒತ್ತೆ ಇಟ್ಟುಕೊಂಡಿದ್ದರು. ಆದ್ದರಿಂದ ಯಾವ ಕೆಲಸ ಅಪಾಯ ಎಂದು ಯಾರಾದರೂ ಕೇಳಿದರೆ, ಅದಕ್ಕೆ ಮುಂಗಡ ಎಷ್ಟು ಎಂದು ನಾನು ತಿರುಗಿ ಕೇಳುತ್ತೇನೆ.

ಫೆಬ್ರವರಿ ಬಂದರೆ ಈಗಲೂ ತಾಂಡಾ ಬಿಕೋ ಅನ್ನುತ್ತದೆ. ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ, ಮೈಲಾರದ ಕಾರಣಿಕ, ಕೊಟ್ಟೂರಿನ ತೇರು ಎಲ್ಲ ಹೆಚ್ಚುಕಡಿಮೆ ಆ ದಿನಗಳಲ್ಲೇ. ದುಡಿಯುವ ವಯಸ್ಸಿನ ನಮ್ಮವರಿಗೆ ಅವು ಮೊಬೈಲಿನಲ್ಲಿ ನೋಡುವ ಜಾತ್ರೆಗಳು. ನಾನು ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿ ಕೆಲವು ವರ್ಷವಾಯಿತು. ಮಗಳ ಮದುವೆಯಾಗಿದೆ. ಈ ವರ್ಷ ಅವಳು, ಅಳಿಯ ಜೋಡಿಗೆ 1 ಲಕ್ಷ ಮುಂಗಡ ತೆಗೆದುಕೊಂಡು ಹೋಗಿದ್ದಾರೆ. ಮುಂಗಡ ಕೊಟ್ಟವನು ಅದೇ ಮೇಸ್ತ್ರಿಯ ಮಗ. ಒಂದೇ ಒಂದು ವ್ಯತ್ಯಾಸ: ಈ ಸಲ ಪುಸ್ತಕದಲ್ಲಿ ನನ್ನ ಮಗಳು ತನ್ನ ಸಹಿ ಹಾಕಿದ್ದಾಳೆ, ಪ್ರತಿವಾರದ ಲೆಕ್ಕವನ್ನು ತನ್ನದೇ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ಗಣಿತ ಅಷ್ಟಕ್ಕಾದರೂ ಬಂತು.

ಮೊದಲಿಗೆ ಹೆಸರು ಹೇಳಿದ ನಮ್ಮ ಕಡೆಯ ತಾಲ್ಲೂಕುಗಳ ಪಂಚಾಯ್ತಿಯವರನ್ನು ಒಂದು ಕೇಳಿಕೊಳ್ಳುತ್ತೇನೆ. ದಸರೆ ಮುಗಿದ ಮೇಲೆ ಯಾವ ತಾಂಡಾದಿಂದ, ಯಾವ ಕೇರಿಯಿಂದ ಯಾರು ಹೊರಟರು, ಯಾವ ಮೇಸ್ತ್ರಿ ಜೊತೆ, ಎಷ್ಟು ಮುಂಗಡಕ್ಕೆ, ಯಾವ ಊರಿಗೆ, ಜೊತೆಗೆ ಮಕ್ಕಳೆಷ್ಟು ಎಂದು ಒಂದು ಪುಸ್ತಕ ಇಡಿ. ಅದರ ಒಂದು ಪ್ರತಿಯನ್ನು ಹೋದ ಊರಿನ ಪಂಚಾಯ್ತಿಗೂ ಕಳಿಸಿ. ದುಡ್ಡು ಬೇಕಾದ ಕೆಲಸವಲ್ಲ ಇದು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂದಾಗ ನಾವು ಯಾವ ಜಿಲ್ಲೆಯ ಯಾವ ನಾಲೆಯ ಏರಿ ಮೇಲೆ ಇದ್ದೇವೆ ಎಂದು ಓಟು ಕೇಳುವವರಿಗೆ ಒಂದೇ ವಾರದಲ್ಲಿ ಗೊತ್ತಾಗಿತ್ತು, ಕರೆತರಲು ಗಾಡಿಯೂ ಬಂದಿತ್ತು.